ಕಿತ್ತೂರ ಚೆನ್ನಮ್ಮರಾಣಿಯೂ ನಮ್ಮ ಹೆಣ್ಣುಮಕ್ಕಳ ಚಿತ್ರಪುಸ್ತಕಗಳೂ

ಅಕ್ಟೋಬರ ತಿಂಗಳು ಬಂದಿತೆಂದರೆ ಕಿತ್ತೂರ ನಾಡಿನಲ್ಲಿ ಚೆನ್ನಮ್ಮರಾಣಿಯ ಹೆಸರು ಮನೆಮನೆಯಲ್ಲಿಯೂ ಕೇಳಬರುವದು. 23ನೆಯ ತಾರೀಖಿನ ವಿಜಯದ ನೆನಪಿಗಾಗಿ ನಡೆಯುವ ಉತ್ಸವದಲ್ಲಿ ಮೆರವಣಿಗೆಗಳು ಹೊರಡುವವು, ಭಾಷಣಗಳಾಗುವವು, ಶಾಲೆಯ ಹೆಣ್ಣುಮಕ್ಕಳು ರಟ್ಟಿನ ಖಡ್ಗವನ್ನು ಹಿಡಿದು, ತಾಯಂದಿರ ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ರಾಣಿಯ ವೇಷದಲ್ಲಿ ವೇದಿಕೆಯನ್ನೇರುವರು. ನೋಡುವವರ ಕಣ್ಣಿಗೆ ಇದು ಹಬ್ಬವೇ ಸರಿ. ಆದರೆ ವೇಷವನ್ನು ಕಳಚಿಟ್ಟ ಮೇಲೆ ಆ ಹುಡುಗಿಯ ಮನಸ್ಸಿನಲ್ಲಿ ಉಳಿಯುವದೇನು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವದು ಅಪರೂಪ. ಇಂದು ಅದನ್ನೇ ಕೇಳಿ ನೋಡಬೇಕೆಂದು ನಮಗೆ ಅನ್ನಿಸಿದೆ.

ಇದಕ್ಕೆ ಕಾರಣವಾದ ಸಂಗತಿಯು ಬಹು ಸಣ್ಣದು. ನಮಗೆ ಬಳಕೆಯಿರುವ ಮನೆಯೊಂದರಲ್ಲಿ ಎಂಟು ವರುಷದ ಹುಡುಗಿಯೊಬ್ಬಳು ಚೆನ್ನಮ್ಮರಾಣಿಯ ಚಿತ್ರಪುಸ್ತಕವನ್ನು ಅಜ್ಜಿಯ ತೊಡೆಯ ಮೇಲೆ ಕುಳಿತು ಓದುತ್ತಿದ್ದಳು. ಕೊನೆಯ ಪುಟದಲ್ಲಿ ರಾಣಿಯು ಬಿಳಿಯ ಕುದುರೆಯ ಮೇಲೆ ಖಡ್ಗವನ್ನೆತ್ತಿ ನಿಂತಿದ್ದಳು. ಅವಳ ಹಿಂದೆ ಕೋಟೆ, ಬಾವುಟ, ಜಯಘೋಷ ಮಾಡುವ ಜನ. ಹುಡುಗಿಯು ಪುಟವನ್ನು ತಿರುವಿದಳು. ಮುಂದೆ ಬರಿಯ ರಟ್ಟು. ಆಮೇಲೆ ರಾಣಿಗೆ ಏನಾಯಿತೆಂದು ಅವಳು ಕೇಳಿದಳು. ಆಮೇಲೇನೂ ಇಲ್ಲ, ಕಥೆ ಮುಗಿಯಿತೆಂದು ಹಿರಿಯರು ಹೇಳಿಬಿಟ್ಟರು. ಹುಡುಗಿಯು ನಂಬಲಿಲ್ಲ. ಅವಳ ಮೋರೆಯನ್ನು ಕಂಡ ನಮಗೂ ಸಮಾಧಾನವಾಗಲಿಲ್ಲ. ಏಕೆಂದರೆ, ಆಮೇಲೆ ಆದುದು ಬಹಳವಿದೆ. ಮತ್ತು ನಮ್ಮ ಅಭಿಪ್ರಾಯದಲ್ಲಿ ಹೆಣ್ಣುಮಕ್ಕಳು ತಿಳಿಯಬೇಕಾದ ಚೆನ್ನಮ್ಮನ ಅರ್ಧಭಾಗವು ಆ ಬರಿಯ ರಟ್ಟಿನ ಹಿಂದೆಯೇ ಉಳಿದುಹೋಗಿದೆ.

ಚಿತ್ರಪುಸ್ತಕಗಳನ್ನು ಹಳಿಯುವದು ನಮ್ಮ ಉದ್ದೇಶವಲ್ಲವೆಂದು ಮೊದಲೇ ಹೇಳಿಬಿಡುವೆವು. ಅಕ್ಷರ ಕೂಡಿಸಿ ಓದಲು ಬಾರದ ಮಗುವಿಗೂ ಚಿತ್ರವು ಅರ್ಥವಾಗುವದು. ಹತ್ತು ಭಾಷಣಗಳು ಮಾಡಲಾರದ ಕೆಲಸವನ್ನು ಒಂದು ಒಳ್ಳೆಯ ಚಿತ್ರವು ಮಾಡುವದು. ಪುಸ್ತಕಗಳಿಲ್ಲದ ಕಾಲದಲ್ಲಿ ನಮ್ಮ ಕಡೆಯ ಲಾವಣಿಕಾರರೂ ಗೀಗೀ ಮೇಳದವರೂ ಇದೇ ಕೆಲಸವನ್ನು ಮಾಡುತ್ತಿದ್ದರು. ಕಿತ್ತೂರ ಕಾಳಗದ ನೆನಪನ್ನು ಕಂಪನಿ ಸರಕಾರದ ಕಾಗದಪತ್ರಗಳಿಗಿಂತ ಹೆಚ್ಚಾಗಿ ಅವರ ದಪ್ಪು ತುಂತುಣಿಗಳೇ ಜೀವಂತವಾಗಿ ಇಟ್ಟವು. ತರುವಾಯ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯು ಝಾನ್ಸಿಯ ರಾಣಿ, ಚಾಂದಬೀಬಿ, ದುರ್ಗಾವತಿ ಮೊದಲಾದವರನ್ನು ಬಣ್ಣಬಣ್ಣದ ಚಿತ್ರಗಳಲ್ಲಿ ದೇಶದ ಮಕ್ಕಳ ಕೈಗೆ ತಂದಿತ್ತಿತು. 1970ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೋತ್ಥಾನ ಪರಿಷತ್ತಿನಿಂದ ಹೊರಟ ಭಾರತ ಭಾರತಿ ಮಾಲೆಯ ಅಂಗೈ ಅಗಲದ ಪುಸ್ತಕಗಳು ಕನ್ನಡ ಮನೆಗಳಲ್ಲಿ ಎಷ್ಟೋ ಮಕ್ಕಳ ಮೊದಲ ಇತಿಹಾಸಪಾಠವಾದವು. ಈ ಉಪಕಾರವನ್ನು ನಾವು ಮರೆಯಲಾರೆವು. ಇಷ್ಟನ್ನು ಮಾಡಿದವರಿಂದಲೇ ಇನ್ನಷ್ಟನ್ನು ಕೇಳುವದು ನಮ್ಮ ಹಕ್ಕೆಂದು ತಿಳಿದು ಮುಂದಿನ ಮಾತುಗಳನ್ನು ಬರೆಯುತ್ತೇವೆ. ಅದಕ್ಕಾಗಿ ರಾಣಿಯ ಜೀವನವನ್ನು ಮೊದಲಿನಿಂದ ಕಡೆಯವರೆಗೆ ಒಮ್ಮೆ ನೆನೆಯುವದು ಅವಶ್ಯವಾಗಿದೆ.

ಬೆಳಗಾವಿಗೆ ಸಮೀಪದ ಕಾಕತಿಯು ಚೆನ್ನಮ್ಮನ ತವರೂರು. ಅಲ್ಲಿಯ ದೇಸಾಯಿ ಧೂಳಪ್ಪಗೌಡನ ಮಗಳಾಗಿ ಆಕೆ 1778ರಲ್ಲಿ ಹುಟ್ಟಿದಳು. ಕುದುರೆ ಏರುವದನ್ನೂ, ಬಿಲ್ಲು ಕತ್ತಿಗಳನ್ನು ಬಳಸುವದನ್ನೂ ಎಳೆವೆಯಲ್ಲಿಯೇ ಕಲಿತಳೆಂದು ಹೇಳಿಕೆಯುಂಟು. ಕಿತ್ತೂರಿನ ಒಡೆಯನಾದ ಮಲ್ಲಸರ್ಜ ದೇಸಾಯಿಯು ಬೇಟೆಗೆ ಬಂದಾಗ ಒಂದೇ ಹುಲಿಯ ಮೇಲೆ ಇಬ್ಬರ ಬಾಣಗಳೂ ಬಿದ್ದವೆಂದೂ, ಹುಲಿಯು ಯಾರದೆಂಬ ವಾದದಿಂದಲೇ ಮದುವೆಯ ಮಾತು ಹುಟ್ಟಿತೆಂದೂ ಜನರು ಇಂದಿಗೂ ಸಂತೋಷದಿಂದ ಹೇಳುವರು. ಇದು ಕಥೆ, ಚಿತ್ರಗಾರನಿಗೆ ಬಲು ಪ್ರಿಯವಾದ ಕಥೆ. ಮಲ್ಲಸರ್ಜನಿಗೆ ಮೊದಲೇ ರುದ್ರಮ್ಮನೆಂಬ ಹೆಂಡತಿಯಿದ್ದಳು. ಚೆನ್ನಮ್ಮನು ಕಿರಿಯ ರಾಣಿಯಾಗಿ ಕಿತ್ತೂರ ಅರಮನೆಯನ್ನು ಸೇರಿದಳು.

ಕಿತ್ತೂರು ದೊಡ್ಡ ಸಾಮ್ರಾಜ್ಯವಲ್ಲ; ಬೆಳಗಾವಿ ಧಾರವಾಡಗಳ ನಡುವಿನ ಒಂದು ಸಂಸ್ಥಾನ. ಒಂದು ಕಡೆಗೆ ಶ್ರೀರಂಗಪಟ್ಟಣ, ಇನ್ನೊಂದು ಕಡೆಗೆ ಪುಣೆ. ಈ ಎರಡು ಬಲಾಢ್ಯ ಶಕ್ತಿಗಳ ನಡುವೆ ಸಿಕ್ಕು, ಇಬ್ಬರಿಗೂ ಮಣಿಯುತ್ತ, ಇಬ್ಬರನ್ನೂ ತಪ್ಪಿಸಿಕೊಳ್ಳುತ್ತ ಅದು ಬದುಕಬೇಕಾಗಿತ್ತು. 1782ರಿಂದ ಆಳಿದ ಮಲ್ಲಸರ್ಜನು ಟಿಪ್ಪೂ ಸುಲ್ತಾನನ ಸೆರೆಯನ್ನೂ ಕಂಡನು, ಪೇಶವೆಯ ಸೆರೆಯನ್ನೂ ಕಂಡನು. ಪುಣೆಯಿಂದ ಬಿಡುಗಡೆ ಹೊಂದಿದವನು 1816ರಲ್ಲಿ ತೀರಿಕೊಂಡನು. ಚೆನ್ನಮ್ಮನು ಗಂಡನ ಮನೆಯಲ್ಲಿ ಕಂಡ ರಾಜ್ಯಭಾರವು ಇಂಥದು. ಬಲಿಷ್ಠರ ಒಪ್ಪಂದಗಳನ್ನು ಎಷ್ಟು ನಂಬಬೇಕು, ಖಜಾನೆಯಲ್ಲಿ ಎಷ್ಟು ಹಣವಿದ್ದರೆ ಎಷ್ಟು ದಿನ ತಾಳಬಹುದು ಎಂಬ ಲೆಕ್ಕವನ್ನು ಆಕೆ ಕಲಿತದ್ದು ಈ ಸಂಸಾರದಲ್ಲಿ. ಹೆತ್ತ ಮಗನು ಚಿಕ್ಕಂದಿನಲ್ಲಿಯೇ ತೀರಿಹೋದನು, ಗಂಡನೂ ಹೋದನು. ರುದ್ರಮ್ಮನ ಮಗನಾದ ಶಿವಲಿಂಗರುದ್ರಸರ್ಜನು ಪಟ್ಟವೇರಿದನು.

ಇಲ್ಲಿ ನಮ್ಮ ವಾಚಕರು ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. 1818ರಲ್ಲಿ ಇಂಗ್ಲಿಷರಿಗೂ ಪೇಶವೆಗೂ ಕೊನೆಯ ಯುದ್ಧವಾದಾಗ ಕಿತ್ತೂರಿನ ದೇಸಾಯಿಯು ಇಂಗ್ಲಿಷರಿಗೆ ನೆರವಾದನು. ಅದಕ್ಕೆ ಪ್ರತಿಯಾಗಿ ಕಂಪನಿಯವರು ಅವನ ಸಂಸ್ಥಾನವನ್ನು ಅವನಿಗೇ ನಡೆಯಿಸಿಕೊಟ್ಟು, ವರ್ಷಂಪ್ರತಿ ಕಪ್ಪವನ್ನು ಗೊತ್ತುಮಾಡಿ ಸನದು ಬರೆದುಕೊಟ್ಟರು. ಆರು ವರುಷಗಳ ಮೇಲೆ ಅದೇ ಕಂಪನಿಯ ಅಧಿಕಾರಿಯು ಅದೇ ಅರಮನೆಯ ಬಾಗಿಲಿಗೆ ತೋಪುಗಳನ್ನು ತಂದು ನಿಲ್ಲಿಸಿದನು. ಕಿತ್ತೂರ ಕಥೆಯನ್ನು ಒಳ್ಳೆಯವರೂ ಕೆಟ್ಟವರೂ ಮೊದಲಿನಿಂದ ಎದುರುಬದುರಾಗಿ ನಿಂತ ಆಟದಂತೆ ಮಕ್ಕಳಿಗೆ ಹೇಳುವವರು ಈ 1818ನೆಯ ಇಸವಿಯನ್ನು ಬಿಟ್ಟೇಬಿಡುವರು. ಬಿಡಬಾರದು. ಕೊಟ್ಟ ಮಾತನ್ನು ಮುರಿದವರು ಯಾರೆಂಬುದು ತಿಳಿಯದೆ ರಾಣಿಯ ಸಿಟ್ಟು ಎಷ್ಟು ನ್ಯಾಯವಾದುದೆಂದು ಮಗುವಿಗೆ ತಿಳಿಯಲಾರದು.

1824ರ ಸಪ್ಟೆಂಬರದಲ್ಲಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡನು. ಮಾಸ್ತಮರಡಿಯ ಗೌಡರ ಮನೆತನದ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿರುವದಾಗಿ ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜಂಟನೂ ಆದ ಸೇಂಟ್ ಜಾನ್ ಥ್ಯಾಕರೆಗೆ ಕಾಗದವು ಹೋಯಿತು. ಇವನು ಇಂಗ್ಲಿಷ ಕಾದಂಬರಿಕಾರ ವಿಲಿಯಂ ಥ್ಯಾಕರೆಯ ಚಿಕ್ಕಪ್ಪನು. ದೇಸಾಯಿಯು ಜೀವದಿಂದಿರುವಾಗಲೇ ಆ ಕಾಗದಕ್ಕೆ ರುಜು ಮಾಡಿದನೆಂಬುದನ್ನು ಥ್ಯಾಕರೆಯು ನಂಬಲಿಲ್ಲ. ಸಂಸ್ಥಾನಕ್ಕೆ ವಾರಸುದಾರನಿಲ್ಲವೆಂಬಂತೆ ವರ್ತಿಸಿ ಅವನು ಖಜಾನೆಗೆ ಮುದ್ರೆ ಹಾಕಿಸಿದನು. ತನ್ನ ಕಾವಲನ್ನು ಇರಿಸಿದನು. ಆಡಳಿತಕ್ಕೆ ತನ್ನವರನ್ನು ನೇಮಿಸಿದನು. ಆ ಖಜಾನೆಯಲ್ಲಿದ್ದ ಹಣ ಒಡವೆಗಳು ಸುಮಾರು 15 ಲಕ್ಷ ರೂಪಾಯಿಯ ಬೆಲೆಯವೆಂದು ಎಣಿಕೆಯಿದೆ. ದತ್ತಕವನ್ನು ಒಪ್ಪದೆ ರಾಜ್ಯಗಳನ್ನು ನುಂಗುವ ನೀತಿಯನ್ನು ಡಾಲಹೌಸಿಯ ಹೆಸರಿನೊಡನೆ ನಾವು ಶಾಲೆಯಲ್ಲಿ ಕಲಿಯುತ್ತೇವೆ. ಅವನು ಸಾತಾರೆಯನ್ನು ನುಂಗಿದ್ದು 1848ರಲ್ಲಿ, ಝಾನ್ಸಿಯನ್ನು 1854ರಲ್ಲಿ. ಕಿತ್ತೂರಿನ ಪಾಲಿಗೆ ಆ ನೀತಿಯು ಹೆಸರು ಪಡೆಯುವ ಮೊದಲೇ ಬಂದಿತ್ತು.

ಆಗ ಚೆನ್ನಮ್ಮನಿಗೆ 46 ವರುಷ. ಚಿತ್ರಪುಸ್ತಕಗಳ ವಿಷಯವಾಗಿ ನಮ್ಮ ಮೊದಲನೆಯ ಮಾತು ಇದೇ. ಎಲ್ಲಿ ನೋಡಿದರೂ ಇಪ್ಪತ್ತು ವರುಷದ ತರುಣಿಯಂತೆ ಆಕೆಯನ್ನು ಚಿತ್ರಿಸುವರು. ಕೆನ್ನೆ ತುಂಬಿದ ಮುಖ, ಕಪ್ಪು ಕೂದಲು, ಮೈತುಂಬ ಒಡವೆ. ಕಂಪನಿ ಸರಕಾರವನ್ನು ಎದುರಿಸಿ ನಿಂತವಳಾದರೋ ಗಂಡನನ್ನೂ ಹೆತ್ತ ಮಗನನ್ನೂ ಸಾಕಿದ ಮಗನನ್ನೂ ಕಳೆದುಕೊಂಡ ನಡುವಯಸ್ಸಿನ ವಿಧವೆ. ಆ ಕಾಲದ ಲೆಕ್ಕದಲ್ಲಿ ಅಜ್ಜಿಯಾಗುವ ವಯಸ್ಸಿನವಳು. ವಿಧವೆಯಾದವಳು ಮನೆಯ ಮೂಲೆಯನ್ನು ಸೇರಬೇಕೆಂದು ಸಮಾಜವು ತಿಳಿದಿದ್ದ ಕಾಲದಲ್ಲಿ ಆಕೆ ಸಂಸ್ಥಾನದ ನಡುಮನೆಗೆ ಬಂದು ಕುಳಿತಳು. ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿರುವ ತನ್ನ ಅಜ್ಜಿಯಂಥವಳೇ ಕಿತ್ತೂರಿನ ರಾಣಿಯೆಂದು ಎಂಟು ವರುಷದ ಹುಡುಗಿಗೆ ತಿಳಿದರೆ ಆಕೆಯ ದೃಷ್ಟಿಯಲ್ಲಿ ರಾಣಿಯ ಬೆಲೆಯು ಕಡಿಮೆಯಾಗುವದೆ? ಅಜ್ಜಿಯ ಬೆಲೆಯೇ ಹೆಚ್ಚಾಗುವದೆಂದು ನಾವು ನಂಬುತ್ತೇವೆ.

ನಮ್ಮ ಎರಡನೆಯ ಮಾತು ಖಡ್ಗವನ್ನು ಕುರಿತದ್ದು. ಚೆನ್ನಮ್ಮನು ಮೊದಲು ಎತ್ತಿದ್ದು ಖಡ್ಗವಲ್ಲ, ಲೇಖನಿ. ಥ್ಯಾಕರೆಯ ಮೇಲಣ ಅಧಿಕಾರಿಗಳು ನ್ಯಾಯವನ್ನು ಕೊಟ್ಟಾರೆಂಬ ಆಶೆಯಿಂದ ಆಕೆ ಪುಣೆಯಲ್ಲಿದ್ದ ಕಮಿಶನರ ಚಾಪ್ಲಿನನಿಗೆ ಬರೆದಳು. ಮುಂಬಯಿಯ ಗವರ್ನರ ಎಲ್ಫಿನ್‌ಸ್ಟನ್ನನಿಗೆ ಬರೆದಳು. ತನ್ನ ಮನೆತನದ ಹಕ್ಕು, ದತ್ತಕದ ಶಾಸ್ತ್ರ ಇವುಗಳನ್ನು ಮುಂದಿಟ್ಟಳು. ಒಂದು ಕಡೆಯಿಂದಲೂ ಆಕೆಗೆ ಬೇಕಾದ ಉತ್ತರವು ಬರಲಿಲ್ಲ. ಅಂದರೆ ಯುದ್ಧವು ಆಕೆಯ ಮೊದಲನೆಯ ಬಯಕೆಯಲ್ಲ; ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ಉಳಿದ ಕೊನೆಯ ಬಾಗಿಲು. ಚಿತ್ರಗಾರರು ಈ ಪುಟವನ್ನು ಏಕೆ ಬರೆಯರೆಂದು ನಮಗೆ ಆಶ್ಚರ್ಯ. ಸಮೆಯ ಬೆಳಕಿನಲ್ಲಿ ಕಾರಕೂನನನ್ನು ಕೂರಿಸಿಕೊಂಡು ಪತ್ರವನ್ನು ಬರೆಯಿಸುತ್ತಿರುವ ರಾಣಿಯ ಚಿತ್ರವು ಕುದುರೆಯ ಮೇಲಣ ರಾಣಿಯ ಚಿತ್ರಕ್ಕಿಂತ ಸಪ್ಪೆಯಾಗಬೇಕಾದ ಕಾರಣವಿಲ್ಲ. ಇಂದಿನ ಹುಡುಗಿಯರಲ್ಲಿ ಎಷ್ಟು ಮಂದಿಗೆ ಖಡ್ಗವನ್ನು ಹಿಡಿಯುವ ಪ್ರಸಂಗವು ಬಂದೀತು? ಅನ್ಯಾಯವಾದಾಗ ಕಾಗದದ ಮೇಲೆ ತನ್ನ ಹಕ್ಕನ್ನು ಬರೆದು ರುಜು ಹಾಕುವ ಪ್ರಸಂಗವು ಮಾತ್ರ ಪ್ರತಿಯೊಬ್ಬಳಿಗೂ ಒಂದಲ್ಲ ಒಂದು ದಿನ ಬಂದೇ ಬರುವದು.

ಅಕ್ಟೋಬರ 23ರ ಕಥೆಯು ಎಲ್ಲರಿಗೂ ತಿಳಿದದ್ದೇ. ಥ್ಯಾಕರೆಯು ಸೈನ್ಯದೊಡನೆ ಕಿತ್ತೂರಿಗೆ ಬಂದಿದ್ದನು. ಕೋಟೆಯ ಬಾಗಿಲು ಮುಚ್ಚಿತ್ತು. ತೆರೆಯದಿದ್ದರೆ ತೋಪಿನಿಂದ ಒಡೆಯಿಸುವೆನೆಂದು ಅವನು ಗಡುವು ಕೊಟ್ಟನು. ಸರದಾರ ಗುರುಸಿದ್ದಪ್ಪ ಮೊದಲಾದ ನಂಬಿಗೆಯ ಜನರು ರಾಣಿಯ ಬೆನ್ನಿಗಿದ್ದರು. ಬಾಗಿಲು ಒಮ್ಮೆಲೆ ತೆರೆಯಿತು. ಒಳಗಿನ ಸೈನ್ಯವು ಪ್ರವಾಹದಂತೆ ನುಗ್ಗಿಬಂದಿತು. ಆ ದಿನ ಥ್ಯಾಕರೆಯೂ ಅವನೊಡನೆ ಮೂವರು ಇಂಗ್ಲಿಷ ಸೇನಾಧಿಕಾರಿಗಳೂ ಮಡಿದರು. ಥ್ಯಾಕರೆಯನ್ನು ಕೆಡವಿದ ಗುಂಡು ಅಮಟೂರ ಬಾಳಪ್ಪನದೆಂದು ನಾಡು ಅವನ ಹೆಸರನ್ನು ಅಭಿಮಾನದಿಂದ ಹೇಳುತ್ತದೆ. ಭೂಮಂಡಲದ ಬಲಿಷ್ಠ ಶಕ್ತಿಯೊಂದು ಒಂದು ಸಣ್ಣ ಸಂಸ್ಥಾನದ ಬಾಗಿಲಿನಲ್ಲಿ ಸೋತು ಬಿದ್ದಿತು. 1857ರ ದಂಗೆಗೆ ಇನ್ನೂ 33 ವರುಷಗಳಿದ್ದವು.

ಥ್ಯಾಕರೆಯ ಇಬ್ಬರು ಸಹಾಯಕರು ಕಿತ್ತೂರಿನವರ ಕೈಸೆರೆಯಾದರು. ಒಬ್ಬನು ಸ್ಟಿವನ್‌ಸನ್, ಇನ್ನೊಬ್ಬನು ವಾಲ್ಟರ ಇಲಿಯಟ್, ಆಗಿನ್ನೂ 21 ವರುಷದ ತರುಣ. ಹಲವು ವಾರಗಳ ತರುವಾಯ ಅವರಿಬ್ಬರೂ ಜೀವದಿಂದ ಬಿಡುಗಡೆ ಹೊಂದಿದರು. ಈ ಇಲಿಯಟನು ಯಾರೆಂಬುದನ್ನು ಚಿತ್ರಪುಸ್ತಕಗಳು ಹೇಳುವದಿಲ್ಲ. ಮುಂದೆ ಇವನು ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿ ಹುಡುಕಿಸಿ, 595 ಶಿಲಾಶಾಸನಗಳ ಪ್ರತಿಗಳನ್ನು ಮಾಡಿಸಿ ಸಂಗ್ರಹಿಸಿದನು; ಚಾಲುಕ್ಯರ ಇತಿಹಾಸವನ್ನು ಶಾಸನಗಳ ಆಧಾರದಿಂದ ಬರೆಯಲು ತೊಡಗಿದವರಲ್ಲಿ ಮೊದಲಿಗನಾದನು. ಕಿತ್ತೂರ ಕೋಟೆಯಲ್ಲಿ ಆ ತರುಣನ ತಲೆಯು ಉರುಳಿದ್ದರೆ ನಮ್ಮ ನಾಡಿನ ಹಳೆಯ ಕಲ್ಲುಗಳು ಮಾತಾಡಲು ಇನ್ನೆಷ್ಟು ಕಾಲ ಕಾಯಬೇಕಾಗುತ್ತಿತ್ತೋ! ಸಿಟ್ಟು ನೆತ್ತಿಗೇರಿದ ದಿನಗಳಲ್ಲಿಯೂ ಸೆರೆಸಿಕ್ಕವರ ಪ್ರಾಣವು ಕಿತ್ತೂರಿನಲ್ಲಿ ಉಳಿಯಿತು. ಕೊಲ್ಲಬಲ್ಲವಳು ಕೊಲ್ಲದೆ ಬಿಟ್ಟಳೆಂಬುದೂ ಶೌರ್ಯದ ಒಂದು ಅಧ್ಯಾಯವೇ.

ಸೆರೆಯವರನ್ನು ಬಿಟ್ಟರೆ ಯುದ್ಧವು ನಿಲ್ಲುವದೆಂಬ ತಿಳಿವಳಿಕೆಯ ಮೇಲೆ ರಾಣಿಯು ಅವರನ್ನು ಬಿಟ್ಟಳು. ಯುದ್ಧವು ನಿಲ್ಲಲಿಲ್ಲ. ಕಮಿಶನರ ಚಾಪ್ಲಿನನು ಸ್ವತಃ ಬಂದಿದ್ದನು. ಹಲವು ಕಡೆಗಳಿಂದ ಸೈನ್ಯಗಳು ಕಿತ್ತೂರನ್ನು ಸುತ್ತುಗಟ್ಟಿದ್ದವು. ಡಿಸೆಂಬರದ ಮೊದಲ ವಾರದಲ್ಲಿ ಕೋಟೆಯ ಮೇಲೆ ತೋಪುಗಳ ಮಳೆಯಾಯಿತು. ಸೊಲ್ಲಾಪುರದ ಸಬ್-ಕಲೆಕ್ಟರ ಮನ್ರೋ ಈ ಕಾಳಗದಲ್ಲಿ ಮಡಿದನು. ಇವನು ಮದರಾಸಿನ ಗವರ್ನರ ಸರ್ ಥಾಮಸ್ ಮನ್ರೋನ ಬಂಧು. ಒಳಗಿನವರೇ ಕೆಲವರು ಮದ್ದಿನಲ್ಲಿ ಸಗಣಿಯನ್ನು ಬೆರೆಸಿ ದ್ರೋಹ ಬಗೆದರೆಂದು ಲಾವಣಿಗಳು ಹಾಡುತ್ತವೆ. ಡಿಸೆಂಬರ 5ರ ಹೊತ್ತಿಗೆ ಕೋಟೆಯು ಬಿದ್ದಿತು. ವಿಜಯದ ದಿನಕ್ಕೂ ಈ ದಿನಕ್ಕೂ ನಡುವೆ ಇದ್ದದ್ದು ಆರೇ ವಾರಗಳು.

ನಮ್ಮ ಪುಟ್ಟ ಹುಡುಗಿಯು ರಟ್ಟನ್ನು ತಿರುವಿ ಹುಡುಕಿದ್ದು ಇಲ್ಲಿಂದ ಮುಂದಿನದನ್ನು. ರಾಣಿಯನ್ನೂ, ಎಳೆಯ ವಯಸ್ಸಿನಲ್ಲಿಯೇ ವಿಧವೆಯಾಗಿದ್ದ ಸೊಸೆ ವೀರವ್ವನನ್ನೂ ಇಂಗ್ಲಿಷರು ಬೈಲಹೊಂಗಲಕ್ಕೆ ಒಯ್ದು ಅಲ್ಲಿಯ ಕೋಟೆಯಲ್ಲಿ ಸೆರೆಯಿಟ್ಟರು. ಕಿತ್ತೂರಿನಿಂದ ಬೈಲಹೊಂಗಲವು ದೂರದ ಊರಲ್ಲ. ತನ್ನ ನಾಡಿನ ಗಾಳಿಯೇ ಅಲ್ಲಿಯೂ ಬೀಸುವದು. ಅಷ್ಟು ಹತ್ತಿರದಲ್ಲಿದ್ದೂ ಮರಳಿ ಹೋಗಲಾರದೆ ಆಕೆ ನಾಲ್ಕು ವರುಷಗಳ ಮೇಲೆ ದಿನಗಳನ್ನು ಎಣಿಸಿದಳು. ಪೂಜೆ ಪುರಾಣಗಳಲ್ಲಿ ಕಾಲವನ್ನು ಕಳೆದಳೆಂದು ಹೇಳುವರು. ಕಿತ್ತೂರಿನ ಅರಮನೆಯು ಹಾಳುಬಿದ್ದಿತು, ಖಜಾನೆಯು ಕಂಪನಿಯ ಪಾಲಾಯಿತು, ದತ್ತಕವು ನಡೆಯಲಿಲ್ಲ. 1829ರ ಫೆಬ್ರುವರಿಯಲ್ಲಿ ಚೆನ್ನಮ್ಮನು ಸೆರೆಯಲ್ಲಿಯೇ ಕಣ್ಣುಮುಚ್ಚಿದಳು. ಆಕೆಯ ಸಮಾಧಿಯು ಬೈಲಹೊಂಗಲದಲ್ಲಿದೆ.

ಎಳೆಯ ಮಕ್ಕಳಿಗೆ ಇದನ್ನು ಹೇಳುವದು ಹೇಗೆ, ಅವರ ಮನಸ್ಸು ನೊಂದೀತಲ್ಲವೆ ಎಂದು ಕೆಲವು ತಾಯಂದಿರೂ ಶಿಕ್ಷಕರೂ ಕೇಳಬಹುದು. ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಮಕ್ಕಳ ಮುಂದೆ ಸೆರೆಮನೆ ಸಾವುಗಳನ್ನು ಚಿತ್ರಿಸುವದಕ್ಕೆ ಹದ ಬೇಕು, ಮಮತೆ ಬೇಕು. ಆದರೆ ನಮ್ಮ ಮಕ್ಕಳು ಹರಿಶ್ಚಂದ್ರನ ಕಥೆಯಲ್ಲಿ ಸ್ಮಶಾನವನ್ನೂ, ಸೀತೆಯ ಕಥೆಯಲ್ಲಿ ಕಾಡನ್ನೂ, ಗೋವಿನ ಹಾಡಿನಲ್ಲಿ ಹುಲಿಯ ಬಾಯನ್ನೂ ಕೇಳಿ ಬೆಳೆದವರು. ಅತ್ತರು, ಆದರೆ ಕೆಡಲಿಲ್ಲ. ಗೆದ್ದವರನ್ನು ಮಾತ್ರ ತೋರಿಸಿ ಬೆಳೆಸಿದ ಹುಡುಗಿಗೆ ನಾಳೆ ತಾನು ಸೋತ ದಿನ ತನ್ನಂಥವರು ಹಿಂದೆ ಯಾರೂ ಇರಲಿಲ್ಲವೆಂದೇ ತೋರುವದು. ಪರೀಕ್ಷೆಯಲ್ಲಿಯೋ, ಸಂಸಾರದಲ್ಲಿಯೋ, ನ್ಯಾಯದ ಕಟ್ಟೆಯಲ್ಲಿಯೋ ಸೋಲು ಯಾರಿಗೂ ತಪ್ಪಿದ್ದಲ್ಲ. ಆ ದಿನ ಆಕೆಗೆ ಆಸರೆಯಾಗಬೇಕಾದವಳು ಬಿಳಿಯ ಕುದುರೆಯ ಮೇಲಿನ ರಾಣಿಯಲ್ಲ. ಬೈಲಹೊಂಗಲದ ಕಿಡಕಿಯ ಬಳಿ ಕುಳಿತು, ಎಲ್ಲವನ್ನೂ ಕಳೆದುಕೊಂಡು, ತಾನು ಮಾಡಿದ್ದು ಸರಿಯೆಂಬ ನಂಬಿಗೆಯೊಂದನ್ನು ಮಾತ್ರ ಕಳೆದುಕೊಳ್ಳದ ರಾಣಿ. ಇದು ನಮ್ಮ ಮೂರನೆಯ ಮಾತು. ಮುಖ್ಯವಾದ ಮಾತೂ ಇದೇ.

ಸೆರೆಮನೆಯ ಪುಟವೂ ನಿಜವಾಗಿ ಕೊನೆಯ ಪುಟವಲ್ಲ. ಕಿತ್ತೂರಿನ ಸೇವೆಯಲ್ಲಿದ್ದ ಸಂಗೊಳ್ಳಿ ರಾಯಣ್ಣನು ಬಡವರನ್ನೂ ಒಕ್ಕಲಿಗರನ್ನೂ ಕೂಡಿಸಿಕೊಂಡು ಕಾಡುಮೇಡುಗಳಿಂದ ಕಂಪನಿಯ ಕಚೇರಿಗಳ ಮೇಲೆ ಬಿದ್ದನು. ಶಿವಲಿಂಗಪ್ಪನನ್ನು ಕಿತ್ತೂರಿನ ಗಾದಿಯ ಮೇಲೆ ಕೂರಿಸಬೇಕೆಂಬುದೇ ಅವನ ಹಟ. ಮೋಸದಿಂದ 1830ರ ಏಪ್ರಿಲಿನಲ್ಲಿ ಸೆರೆಸಿಕ್ಕ ಅವನನ್ನು 1831ರ ಜನೇವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಆ ತಾರೀಖು ನೂರಾ ಹತ್ತೊಂಬತ್ತು ವರುಷಗಳ ಮೇಲೆ ಗಣರಾಜ್ಯದ ದಿನವಾಗಿ ಬಂದದ್ದು ಕಾಕತಾಳೀಯವಿರಬಹುದು. ನಮ್ಮ ಕಡೆಯ ಜನರಿಗೆ ಅದು ಹಾಗೆ ತೋರುವದಿಲ್ಲ.

ಇನ್ನೊಂದು ತಾರೀಖನ್ನೂ ನಮ್ಮ ಚಿತ್ರಗಾರರಿಗೆ ನೆನಪಿಸುವೆವು. ಕಿತ್ತೂರ ಕೋಟೆಯು 1824ರ ಡಿಸೆಂಬರದಲ್ಲಿ ಬಿದ್ದಿತು. ಸರಿಯಾಗಿ ನೂರು ವರುಷಗಳಾದ ಮೇಲೆ, 1924ರ ಡಿಸೆಂಬರದಲ್ಲಿ, ಅದೇ ಬೆಳಗಾವಿಯ ಸೀಮೆಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನವು ಕೂಡಿತು. ಗಾಂಧಿಯವರು ಅಧ್ಯಕ್ಷರಾದ ಅಧಿವೇಶನವು ಅದೊಂದೇ. ಅಲ್ಲಿ ಡಾಕ್ಟರ ಹರ್ಡೀಕರರ ಸೇವಾದಳದಲ್ಲಿ ಸ್ವಯಂಸೇವಿಕೆಯರನ್ನು ಕೂಡಿಸಿ ನಡೆಯಿಸಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರರು. ಉಮಾಬಾಯಿಯವರೂ ಎಳೆಯ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡವರು. ಹುಬ್ಬಳ್ಳಿಯಲ್ಲಿ ತಿಲಕ ಕನ್ಯಾಶಾಲೆಯ ಮೂಲಕ ಹೆಣ್ಣುಮಕ್ಕಳಿಗೆ ವಿದ್ಯೆಯನ್ನು ಕೊಡಲು ದುಡಿದವರು. ಬೈಲಹೊಂಗಲದಲ್ಲಿ ಒಬ್ಬ ವಿಧವೆಯನ್ನು ಗೋಡೆಯ ಹಿಂದೆ ಇಟ್ಟ ಸರಕಾರದ ಕಣ್ಣೆದುರಿಗೇ, ನೂರು ವರುಷಗಳ ಮೇಲೆ, ಇನ್ನೊಬ್ಬ ವಿಧವೆಯು ಖಾದಿಯುಟ್ಟ ಸ್ತ್ರೀಯರ ಸಾಲನ್ನು ನಡೆಯಿಸಿಕೊಂಡು ಹೋದಳು. ಯಾರ ಕೈಯಲ್ಲಿಯೂ ಖಡ್ಗವಿರಲಿಲ್ಲ. ಪುಸ್ತಕದ ಕೊನೆಯ ಪುಟಕ್ಕೆ ಚಿತ್ರವು ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಚಿತ್ರವನ್ನು ನಾವು ಸೂಚಿಸಲಾರೆವು.

ಚೆನ್ನಮ್ಮನಿಗೆ ಸಲ್ಲಬೇಕಾದ ಗೌರವಗಳು ಸ್ವತಂತ್ರ ಭಾರತದಲ್ಲಿ ಸಂದಿವೆ. ಕಿತ್ತೂರಿನಲ್ಲಿ 1969ರಲ್ಲಿ ಆಕೆಯ ಹೆಸರಿನ ಹೆಣ್ಣುಮಕ್ಕಳ ಸೈನಿಕ ವಸತಿಶಾಲೆಯು ಸ್ಥಾಪಿತವಾಯಿತು. 2007ರ ಸಪ್ಟೆಂಬರ 11ರಂದು ದಿಲ್ಲಿಯ ಸಂಸತ್ತಿನ ಆವರಣದಲ್ಲಿ ಆಕೆಯ ಪ್ರತಿಮೆಯನ್ನು ಅನಾವರಣ ಮಾಡಿದವರು ಭಾರತದ ಮೊದಲ ಮಹಿಳಾ ರಾಷ್ಟ್ರಪತಿಗಳಾದ ಪ್ರತಿಭಾ ಪಾಟೀಲರು. ಬೆಳಗಾವಿಯ ವಿಶ್ವವಿದ್ಯಾಲಯವು 2010ರಲ್ಲಿ ಆಕೆಯ ಹೆಸರನ್ನು ಹೊತ್ತು ಹುಟ್ಟಿತು. ಕಂಚಿನ ಪ್ರತಿಮೆಗಳೂ ಕಟ್ಟಡಗಳೂ ಆಗಬೇಕಾದವೇ. ಆದರೆ ಪ್ರತಿಮೆಯನ್ನು ಹುಡುಗಿಯು ತಲೆಯೆತ್ತಿ ನೋಡಬೇಕು. ಪುಸ್ತಕವನ್ನಾದರೋ ಮಡಿಲಲ್ಲಿ ಇಟ್ಟುಕೊಳ್ಳಬಹುದು. ಮಡಿಲಿಗೆ ಬಂದ ರಾಣಿಯು ನಿಜವಾದ ರಾಣಿಯಾಗಿರಬೇಕೆಂದು ನಾವು ಕೇಳುವದು ಅದಕ್ಕಾಗಿ.

ಮಕ್ಕಳಿಗಾಗಿ ಬರೆಯುವವರಲ್ಲಿಯೂ ಚಿತ್ರಿಸುವವರಲ್ಲಿಯೂ ನಮ್ಮ ಬಿನ್ನಹವು ಇಷ್ಟೇ. ಹುಲಿಯ ಬೇಟೆಯ ಕಥೆಯನ್ನು ಹೇಳಿರಿ. ಜನರು ಹಾಗೆ ಹೇಳುವರೆಂದು ಒಂದು ಮಾತನ್ನು ಕೆಳಗೆ ಸೇರಿಸಿರಿ. ಕಥೆ ಯಾವುದು, ನಡೆದದ್ದು ಯಾವುದು ಎಂಬ ವಿವೇಕವು ಎಂಟು ವರುಷದಲ್ಲಿಯೇ ಮೊಳೆಯಲಿ. ಕೆಳದಿಯ ಚೆನ್ನಮ್ಮಾಜಿಯನ್ನೂ ಕಿತ್ತೂರ ಚೆನ್ನಮ್ಮನನ್ನೂ ಒಬ್ಬಳೆಂದೇ ತಿಳಿದ ದೊಡ್ಡವರು ಇಂದಿಗೂ ಇದ್ದಾರೆ. ಕೆಳದಿಯ ರಾಣಿಯು ಶಿವಾಜಿಯ ಮಗನಾದ ರಾಜಾರಾಮನಿಗೆ ಆಶ್ರಯವನ್ನಿತ್ತವಳು, ಇವಳಿಗಿಂತ ಒಂದು ಶತಮಾನಕ್ಕೂ ಹೆಚ್ಚು ಹಿಂದಿನವಳು ಎಂದು ಒಂದು ಪುಟದಲ್ಲಿ ತಿಳಿಸಿರಿ. ರಾಣಿಯರೊಡನೆ ರಾಣಿಯರಲ್ಲದವರನ್ನೂ ತನ್ನಿರಿ: ಅರಮನೆಯನ್ನು ಬಿಟ್ಟು ನಡೆದ ಅಕ್ಕಮಹಾದೇವಿಯನ್ನು, 1848ರ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸಹೊರಟ ಸಾವಿತ್ರಿಬಾಯಿ ಫುಲೆಯವರನ್ನು, ನಮ್ಮ ಉಮಾಬಾಯಿಯವರನ್ನು. ಬೆಲೆಯು ಬಡವರ ಕೈಗೆ ನಿಲುಕುವಂತಿರಲಿ. ಅಕ್ಷರಗಳು ಅಜ್ಜಿಯ ಕಣ್ಣಿಗೂ ಕಾಣುವಂತಿರಲಿ.

ತಾಯಿತಂದೆಗಳಿಗೆ ನಾವು ಹೇಳುವದು ಇನ್ನೂ ಕಡಿಮೆ. ಕಿತ್ತೂರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ಹಾಳು ಕೋಟೆಯನ್ನು ತೋರಿಸಿ ಅಲ್ಲಿಂದಲೇ ಮರಳಬೇಡಿರಿ. ಬಸ್ಸನ್ನೇರಿ ಬೈಲಹೊಂಗಲಕ್ಕೂ ಹೋಗಿರಿ. ಸಮಾಧಿಯ ಮುಂದೆ ಒಂದು ಗಳಿಗೆ ಸುಮ್ಮನೆ ಕುಳ್ಳಿರಿ. ಅಲ್ಲಿ ಕುಳಿತ ಮಗಳು ಆಮೇಲೆ ಏನಾಯಿತೆಂದು ಕೇಳಿದರೆ, ಕಥೆ ಮುಗಿಯಿತೆಂದು ಮಾತ್ರ ಹೇಳಬೇಡಿರಿ. ನಡೆದದ್ದೆಲ್ಲವನ್ನೂ ಆಕೆಗೆ ಹೇಳಿರಿ. ತಾಳಿಕೊಳ್ಳುವ ಶಕ್ತಿಯು ನಮ್ಮ ಹೆಣ್ಣುಮಕ್ಕಳಿಗಿದೆ.